ತಾಜಾ ಎಂದರೆ ಸಾಲದು, ಕಿತ್ತ ದಿನವನ್ನೂ ಬರೆಯಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರ ಖಾರವಾದ ಪತ್ರ ಬಂದಿತ್ತು. ಸಂತೆಯ ತಾಜಾ ತರಕಾರಿ, ಹತ್ತಿರದ ತೋಟದ ವೈನ್, ಚಿಕ್ಕ ಹೋಟೆಲಿನ ಊಟ ಅಂತ ಗಂಡ ಹೆಂಡತಿ ಕೈಚೀಲ ಹಿಡಿದು ಸುತ್ತುವುದೆಲ್ಲ ದುಡ್ಡು, ಪುರುಸೊತ್ತು ಎರಡೂ ಇರುವವರ ಶೋಕಿ. ಒಲೆಯ ಮೇಲೆ ಬೆಂದ ಮೇಲೆ ಎಲ್ಲ ತರಕಾರಿಯೂ ಒಂದೇ. ಇದು ಅವರ ವಾದ. ನಮ್ಮ ಯಜಮಾನರು ಓದಿ ಜೋರಾಗಿ ನಕ್ಕರು. "ನಮ್ಮನ್ನು ನೋಡಿಯೇ ಬರೆದ ಹಾಗಿದೆ ಕಣೇ" ಅಂದರು.

ಪುರುಸೊತ್ತಿನ ಮಾತು ನಿಜ. ಇಬ್ಬರೂ ಕೆಲಸದಲ್ಲಿದ್ದಾಗ ಕೈಗೆ ಸಿಕ್ಕಿದ್ದನ್ನು ತಂದು, ಬೇಯಿಸಿ, ತಿಂದು ಓಡುವುದೇ ಆಗಿತ್ತು. ನಿವೃತ್ತಿ ಆದ ಮೇಲೆ ಈ ಸುತ್ತಾಟ ಹತ್ತಿಕೊಂಡಿತು. ಆದರೆ ‘ಎಲ್ಲ ಒಂದೇ’ ಎಂಬ ಮಾತನ್ನು ಓದಿ ಸುಮ್ನೆ ಕೂರಲು ಆಗಲಿಲ್ಲ. ನಾನು ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವಳು. ವ್ಯತ್ಯಾಸ ಇದೆ, ಅದಕ್ಕೆ ಕಾರಣವೂ ಇದೆ.

ಕಿತ್ತ ತರಕಾರಿ ಸತ್ತಿರುವುದಿಲ್ಲ, ಉಸಿರಾಡುತ್ತಲೇ ಇರುತ್ತದೆ. ಗಿಡದಿಂದ ಬರುತ್ತಿದ್ದ ಆಹಾರ ನಿಂತು ಹೋಗಿರುತ್ತದೆ, ಆದ್ದರಿಂದ ತನ್ನೊಳಗಿನ ಸಕ್ಕರೆಯನ್ನೇ ಸುಡಬೇಕು. ಹಸಿ ಬಟಾಣಿ, ಎಳೆ ಜೋಳದಲ್ಲಿ ಇನ್ನೊಂದು ಕೆಲಸವೂ ನಡೆಯುತ್ತದೆ. ಉಳಿದ ಸಕ್ಕರೆ ಪಿಷ್ಟವಾಗುತ್ತಾ ಹೋಗುತ್ತದೆ. ಹಳೇ ತಳಿಯ ಸಿಹಿಜೋಳವನ್ನು ಕಿತ್ತು 30 ಡಿಗ್ರಿ ಸೆಲ್ಸಿಯಸ್ ಸೆಕೆಯಲ್ಲಿ ಒಂದೇ ಒಂದು ದಿನ ಬಿಡಿ, ಅದರ ಸಕ್ಕರೆಯಲ್ಲಿ ಅರ್ಧ ಅಲ್ಲೇ ಹೋಯಿತು. ಸೊನ್ನೆ ಡಿಗ್ರಿಯ ಹತ್ತಿರ ಇಟ್ಟರೆ ನಷ್ಟ ತೀರಾ ಕಡಿಮೆ. ಬೆಳಗ್ಗೆ ಕಿತ್ತ ಬಟಾಣಿಯನ್ನು ಸಂತೆಯಲ್ಲೇ ಸಿಪ್ಪೆ ಬಿಡಿಸಿ ಬಾಯಿಗೆ ಹಾಕಿಕೊಂಡವರಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಬಟಾಣಿ ಮೂರು ದಿನ ಲಾರಿಯಲ್ಲೂ ಗೋದಾಮಿನಲ್ಲೂ ಕಳೆದು ಬಂದರೆ ಹಿಟ್ಟು ಹಿಟ್ಟಾಗಿರುತ್ತದೆ. ಅದನ್ನು ಎಷ್ಟು ಬೇಯಿಸಿದರೂ ಹೋದ ಸಿಹಿ ವಾಪಸ್ ಬರುವುದಿಲ್ಲ.

ಟೊಮೆಟೊ ಕಥೆ ಬೇರೆ. ಅದಕ್ಕೆ ಚಳಿಯೇ ಶತ್ರು. ಫ್ಲೋರಿಡಾ ವಿಶ್ವವಿದ್ಯಾಲಯದ ಹ್ಯಾರಿ ಕ್ಲೀ ಮತ್ತು ಅವರ ಸಂಗಡಿಗರು 2016ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಹಣ್ಣಾದ ಟೊಮೆಟೊಗಳನ್ನು 5 ಡಿಗ್ರಿಯಲ್ಲಿ 7 ದಿನ ಇಟ್ಟು, ಆಮೇಲೆ ಒಂದು ದಿನ ಹೊರಗಿಟ್ಟು ಜನರಿಗೆ ತಿನ್ನಲು ಕೊಟ್ಟರು. ಸಿಹಿ, ಹುಳಿ ಹೆಚ್ಚುಕಡಿಮೆ ಹಾಗೇ ಇದ್ದವು. ಹೋಗಿದ್ದು ಪರಿಮಳ. ಪರಿಮಳದ ವಸ್ತುಗಳನ್ನು ತಯಾರಿಸುವ ಜೀನ್‌ಗಳೇ ಚಳಿಗೆ ಕೆಲಸ ನಿಲ್ಲಿಸಿದ್ದವು. ಹೊರಗೆ ತಂದಿಟ್ಟ ಮೇಲೂ ಕೆಲವು ಪೂರ್ತಿ ಚೇತರಿಸಿಕೊಳ್ಳಲಿಲ್ಲ. ಕೆಂಪಗೆ, ಗುಂಡಗೆ ಇದ್ದು ಬಾಯಿಗೆ ಹಾಕಿದರೆ ಏನೂ ಅನ್ನಿಸದ ಟೊಮೆಟೊ ಎಲ್ಲರೂ ತಿಂದಿದ್ದೇವೆ, ಅಲ್ವಾ? ತೊಂದರೆ ಇರುವುದು ಮೂಗಿಗೆ ಸಿಗಬೇಕಾದ ಭಾಗದಲ್ಲಿ. ನಂಬಿಕೆ ಬರದಿದ್ದರೆ ಮೂಗು ಹಿಡಿದುಕೊಂಡು ಯಾವುದಾದರೂ ಹಣ್ಣು ಕಚ್ಚಿ ನೋಡಿ. ಸಿಹಿಯೋ ಹುಳಿಯೋ ಗೊತ್ತಾಗುತ್ತದೆ, ಯಾವ ಹಣ್ಣು ಎಂದು ಹೇಳಲು ತಡಕಾಡುತ್ತೀರಿ. ಮೂಗು ಬಿಟ್ಟ ತಕ್ಷಣ ಗಂಟಲ ಹಿಂದಿನಿಂದ ಪರಿಮಳ ಮೇಲೇರುತ್ತದೆ. ತರಗತಿಯಲ್ಲಿ ಮಕ್ಕಳು ಈ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿಸಿಕೊಳ್ಳುತ್ತಿದ್ದರು. ಹಣ್ಣು ಖಾಲಿಯಾಗಲಿ ಅಂತ ಇರಬಹುದು.

ನಮ್ಮ ಯಜಮಾನರಿಗೆ ರಸಾಯನಶಾಸ್ತ್ರ ಬೇಡ. ಅವರು ಲೆಕ್ಕಪತ್ರದ ಮನುಷ್ಯ, ಸಂತೆಯಲ್ಲಿ ಕೇಳುವುದು ಒಂದೇ ಪ್ರಶ್ನೆ: "ಯಾವಾಗ ಕಿತ್ತಿದ್ದು?" ಉತ್ತರ ಕೇಳಿ ತಲೆಯಾಡಿಸಿ, ಆಮೇಲೆ ತೊಟ್ಟು ನೋಡುತ್ತಾರೆ. ಬದನೆಕಾಯಿಯ ತೊಟ್ಟು ಹಸಿರಾಗಿರಬೇಕು, ಅದರ ಟೋಪಿ ಕಾಯಿಗೆ ಅಂಟಿಕೊಂಡು ಕೂತಿರಬೇಕು. ಹುರುಳಿಕಾಯಿ ಬಾಗಿಸಿದರೆ ಟಪ್ ಎಂದು ಮುರಿಯಬೇಕು. ಜೋಳದ ತೆನೆಯನ್ನು ತಿರುವಿ, ಕೊಯ್ದ ಬುಡ ನೋಡುತ್ತಾರೆ. ಬೆಳ್ಳಗೆ ಒದ್ದೆಯಾಗಿದ್ದರೆ ಸರಿ. ಕಂದಾಗಿ ಒಣಗಿದ್ದರೆ, ಹೇಳಿದ ದಿನಕ್ಕೂ ಬುಡಕ್ಕೂ ತಾಳೆ ಇಲ್ಲ. ಮಾರುವವರಲ್ಲಿ ಕೆಲವರಿಗೆ ಇದರಿಂದ ಸಿಟ್ಟು ಬರುತ್ತದೆ. ತಾವೇ ಬೆಳೆದವರಿಗೆ ಮಾತ್ರ ಖುಷಿ. ಕೇಳಿದ್ದಕ್ಕಿಂತ ಜಾಸ್ತಿ ಹೇಳುತ್ತಾರೆ: ಮಳೆ ಬಂದದ್ದು, ಹುಳ ಬಿದ್ದದ್ದು, ಇನ್ನು ಎಷ್ಟು ದಿನ ಈ ಬೆಳೆ ಸಿಗುತ್ತದೆ ಎಂಬುದು. ಚೀಲ ಹಿಡಿದು ಕಾಯುವ ಕೆಲಸ ನನ್ನದು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಹತ್ತಿರದ್ದೆಲ್ಲ ಒಳ್ಳೆಯದು, ದೂರದ್ದೆಲ್ಲ ಕೆಟ್ಟದ್ದು ಎನ್ನುವ ಗುಂಪು ನಮ್ಮದಲ್ಲ. ಕಿತ್ತ ಕೆಲವೇ ಗಂಟೆಯಲ್ಲಿ ಬಿಸಿನೀರಿಗೆ ಹಾಕಿ ತೆಗೆದು ಹೆಪ್ಪುಗಟ್ಟಿಸಿದ ಬಟಾಣಿ, ನಾಲ್ಕೈದು ದಿನ ಬಾಡಿದ ‘ತಾಜಾ’ ಬಟಾಣಿಗಿಂತ ಎಷ್ಟೋ ವಾಸಿ. ಬೆಂಕಿ ಹಾಕಿ ಬೆಚ್ಚಗಿಟ್ಟ ಗಾಜಿನ ಮನೆಯಲ್ಲಿ ಅಕಾಲದಲ್ಲಿ ಬೆಳೆದ ಟೊಮೆಟೊ, ದೂರದ ಬಯಲಿನಲ್ಲಿ ಬಿಸಿಲಿಗೆ ಬೆಳೆದು ಲಾರಿಯಲ್ಲಿ ಬಂದದ್ದಕ್ಕಿಂತ ಜಾಸ್ತಿ ಇಂಧನ ನುಂಗಿರಬಹುದು. ನನಗೆ ಬೇಕಿರುವುದು ಅದು ಯಾವಾಗ, ಎಲ್ಲಿ ಗಿಡದಿಂದ ಬಿಟ್ಟಿತು ಎಂಬ ಮಾಹಿತಿ. ಅಷ್ಟಿದ್ದರೆ ಮಿಕ್ಕಿದ್ದನ್ನು ನಾವೇ ತೀರ್ಮಾನಿಸುತ್ತೇವೆ.

ಹೋಟೆಲುಗಳ ವಿಷಯಕ್ಕೆ ಬರುತ್ತೇನೆ. ನಾವಿಬ್ಬರೂ ಹೊಸ ಜಾಗಕ್ಕೆ ಹೋದರೆ ಮೊದಲು ಮೆನುವಿನ ಉದ್ದ ನೋಡುತ್ತೇವೆ. ಉದ್ದ ಜಾಸ್ತಿ ಇದ್ದಷ್ಟೂ ಅಡುಗೆಮನೆಯ ಹಿಂದೆ ದೊಡ್ಡ ಫ್ರೀಜರ್ ಇದೆ ಎಂದರ್ಥ. ನಮಗೆ ಇಷ್ಟವಾದ ಒಂದು ಚಿಕ್ಕ ಜಾಗದಲ್ಲಿ ಮೆನು ಪುಸ್ತಕವೇ ಇಲ್ಲ. ಗೋಡೆಗೆ ಕರಿಹಲಗೆ. ಮಧ್ಯಾಹ್ನ ಆಗುತ್ತಿದ್ದ ಹಾಗೆ ಅಡುಗೆಯವರೇ ಒದ್ದೆ ಬಟ್ಟೆ ತಂದು ಮುಗಿದ ಅಡುಗೆಯ ಹೆಸರು ಒರೆಸುತ್ತಾರೆ. ಎರಡು ಗಂಟೆಗೆ ಹೋದವರಿಗೆ ಉಳಿದದ್ದು ಎರಡೇ ಸಾಲು. ಆ ಎರಡನ್ನೂ ತರಿಸಿ, ಅರ್ಧ ತಿಂದು ತಟ್ಟೆ ಬದಲಾಯಿಸಿಕೊಳ್ಳುತ್ತೇವೆ. ಯಜಮಾನರು ತಮ್ಮ ತಟ್ಟೆಯಲ್ಲಿ ‘ಅರ್ಧ’ ಎಂದು ಉಳಿಸುವುದು ಯಾವತ್ತೂ ಅರ್ಧಕ್ಕಿಂತ ಕಮ್ಮಿಯೇ. ಲೆಕ್ಕಪತ್ರದವರು ಅಂತ ಆಗಲೇ ಹೇಳಿದೆನಲ್ಲ!

ಇದು ಹೊಸ ಫ್ಯಾಷನ್ ಏನಲ್ಲ. ಅಮೆರಿಕದ ಬರ್ಕ್ಲಿಯಲ್ಲಿ ಆಲಿಸ್ ವಾಟರ್ಸ್ ಅವರು 1971ರಲ್ಲಿ ‘ಶೆ ಪನೀಸ್’ ಎಂಬ ರೆಸ್ಟೋರೆಂಟ್ ತೆರೆದಾಗ ಅಲ್ಲಿ ಆಯ್ಕೆಯೇ ಇರಲಿಲ್ಲ. ರಾತ್ರಿಗೆ ಒಂದೇ ಊಟ, ಎಲ್ಲರಿಗೂ ಅದೇ. ಮುಂದೆ ಆ ಮೆನುವಿನಲ್ಲಿ ತೋಟದ ಹೆಸರು, ಬೆಳೆದವರ ಹೆಸರು ಬರತೊಡಗಿತು. ಈಗ ಜಗತ್ತಿನ ತುಂಬ ಅದನ್ನು ನಕಲು ಮಾಡುತ್ತಾರೆ. ಆದರೆ ನಕಲಿನಲ್ಲಿ ಹೆಸರು ಉಳಿದಿದೆ, ತರಕಾರಿ ತಪ್ಪಿಹೋಗಿದೆ. ಒಂದು ದೊಡ್ಡ ರೆಸ್ಟೋರೆಂಟಿನಲ್ಲಿ, ಹೆಸರು ಬೇಡ, ಪ್ಲಾಸ್ಟಿಕ್ ಹೊದಿಸಿದ ಮೆನುವಿನಲ್ಲಿ ‘ಇಂದು ಬೆಳಗ್ಗೆ ತೋಟದಿಂದ ಬಂದ ಹಸಿರು ಸೊಪ್ಪು’ ಎಂದು ಅಚ್ಚು ಹಾಕಿಸಿದ್ದರು. ‘ಇಂದು’ ಎಂಬುದಕ್ಕೆ ಪ್ಲಾಸ್ಟಿಕ್ ಹೊದಿಕೆ! ಯಾವ ತೋಟ ಎಂದು ಕೇಳಿದರೆ, ಪಾಪ, ತಂದುಕೊಡುವ ಹುಡುಗ ಮೆನು ತಿರುಗಿಸಿ ತೋರಿಸಿ "ಇಲ್ಲಿ ಬರೆದಿದೆಯಲ್ಲ ಮೇಡಂ" ಅಂದ. ಅವನದೇನು ತಪ್ಪು? ಅವನಿಗೂ ಯಾರೂ ಹೇಳಿರಲಿಲ್ಲ. ಆ ಸೊಪ್ಪಿನ ಅಂಚು ಮಾತ್ರ ಕಪ್ಪಗಾಗಿತ್ತು.

ಇನ್ನು ವೈನರಿ. ಪತ್ರ ಬರೆದವರಿಗೆ ಇದೇ ಹೆಚ್ಚು ಕಣ್ಣಿಗೆ ಚುಚ್ಚಿದ ಹಾಗಿದೆ. ನಾವು ಅಲ್ಲಿಗೆ ಹೋಗುವುದು ನೋಡಲು, ಕೇಳಲು. ಕುಡಿಯುವುದು ಕಮ್ಮಿ. ರುಚಿ ನೋಡಲು ಕೊಡುವುದು ಗ್ಲಾಸಿನ ತಳ ಮುಚ್ಚುವಷ್ಟು. ಬಾಯಲ್ಲಿ ಆಡಿಸಿ ಉಗುಳುವುದಕ್ಕೆ ಪಕ್ಕದಲ್ಲಿ ಪಾತ್ರೆ ಇಟ್ಟಿರುತ್ತಾರೆ. ಉಗುಳುವುದು ಅಲ್ಲಿ ಅವಮರ್ಯಾದೆ ಅಲ್ಲ, ವೈನ್ ಮಾಡುವವರೂ ದಿನವಿಡೀ ಅದನ್ನೇ ಮಾಡುತ್ತಾರೆ. ಕಾರು ಓಡಿಸುವವರು ನಮ್ಮ ಯಜಮಾನರು, ಹಾಗಾಗಿ ಅವರು ಉಗುಳಲೇಬೇಕು. ಜೀವಮಾನವಿಡೀ ಮಕ್ಕಳಿಗೆ "ಉಗಿಯಬಾರದು" ಅಂತ ಗದರಿಕೊಂಡು ಬಂದವರು, ಮೊದಮೊದಲು ಯಾರಾದರೂ ನೋಡುತ್ತಾರಾ ಎಂದು ಸುತ್ತ ನೋಡಿ, ಗೋಡೆ ಕಡೆ ತಿರುಗಿ, ಕರವಸ್ತ್ರ ಅಡ್ಡ ಹಿಡಿದು ಉಗುಳುತ್ತಿದ್ದರು. ಈಗ ಒಂದು ಮಾರು ದೂರದಿಂದ ಗುರಿ ತಪ್ಪುವುದಿಲ್ಲ.

ಆರೋಗ್ಯದ ಹೆಸರಿನಲ್ಲಿ ವೈನ್ ಹೊಗಳುವುದು ನನಗೆ ಹಿಡಿಸುವುದಿಲ್ಲ. ಆಲ್ಕೋಹಾಲ್ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಹೇಳಿದೆ. ಇಷ್ಟು ಕುಡಿದರೆ ಏನೂ ಆಗುವುದಿಲ್ಲ ಎನ್ನುವ ಸುರಕ್ಷಿತ ಪ್ರಮಾಣವೇ ಇಲ್ಲ ಎಂದು ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿತು. ಕುಡಿಯದವರು ಶುರು ಮಾಡಬೇಕಾಗಿಲ್ಲ. ವೈನರಿ ನೋಡಲು ಗ್ಲಾಸು ಮುಟ್ಟಲೇಬೇಕೆಂದಿಲ್ಲ.

ನೋಡುವುದಕ್ಕೆ ಅಲ್ಲಿ ಬೇಕಾದಷ್ಟಿದೆ. ಬಾಳೆಹಣ್ಣು, ಟೊಮೆಟೊ ಕಿತ್ತ ಮೇಲೂ ಹಣ್ಣಾಗುತ್ತವೆ. ದ್ರಾಕ್ಷಿ ಹಾಗಲ್ಲ. ಬಳ್ಳಿಯಿಂದ ಬಿಟ್ಟ ಕ್ಷಣಕ್ಕೆ ಅದರ ಮಾಗುವಿಕೆ ನಿಂತಿತು. ಅದಕ್ಕೇ ಕೊಯ್ಲು ಹತ್ತಿರ ಬಂದಾಗ ವೈನರಿಯವರಿಗೆ ನಿದ್ದೆ ಇರುವುದಿಲ್ಲ. ನಾವು ಹೋದ ಕಡೆ ಒಬ್ಬ ಹೆಣ್ಣುಮಗಳು ಸಾಲುಗಳ ನಡುವೆ ನಡೆಯುತ್ತಾ, ಇಲ್ಲೊಂದು ಅಲ್ಲೊಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡು, ಬೀಜವನ್ನು ಅಂಗೈಗೆ ಉಗುಳಿ ಬಣ್ಣ ನೋಡುತ್ತಿದ್ದರು. ಹಸಿರಿದ್ದರೆ ಇನ್ನೂ ಇಲ್ಲ. ಕಂದಾಗಿದ್ದು ಕಚ್ಚಿದರೆ ಕಟಕ್ ಎನ್ನಬೇಕು. ಆಮೇಲೆ ಜೇಬಿನಿಂದ ಒಂದು ಪುಟ್ಟ ಕೊಳವೆ ತೆಗೆದು, ಅದರ ಗಾಜಿನ ಮೇಲೆ ಎರಡು ಹನಿ ರಸ ಹಿಂಡಿ, ಬೆಳಕಿಗೆ ಹಿಡಿದು ಸಕ್ಕರೆ ಎಷ್ಟಿದೆ ಎಂದು ಓದಿದರು. ನನಗೂ ನೋಡಲು ಕೊಟ್ಟರು. ಒಳಗೆ ನೀಲಿ ಬಿಳಿ ಸೇರುವ ಗೆರೆ, ಪಕ್ಕದಲ್ಲಿ ಅಂಕಿ. ಶಾಲೆಯಲ್ಲಿ ಇಂಥದೊಂದು ಇದ್ದಿದ್ದರೆ ಬೆಳಕಿನ ವಕ್ರೀಭವನದ ಪಾಠ ಎಷ್ಟು ಸಲೀಸಾಗುತ್ತಿತ್ತು ಅನ್ನಿಸಿತು.

ಮುಂದಿನದು ನನ್ನ ಪಾಠವೇ. ಯೀಸ್ಟ್ ಸಕ್ಕರೆ ತಿನ್ನುತ್ತದೆ, ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಖರ್ಚಾದರೆ ಶೇ 1ರಷ್ಟು ಆಲ್ಕೋಹಾಲ್. ಹಾಗಾದರೆ ಶೇ 13 ಎಂದು ಬರೆದ ಬಾಟಲಿಯ ಹಿಂದೆ ಲೀಟರಿಗೆ 220 ಗ್ರಾಂ ಸಕ್ಕರೆಯ ದ್ರಾಕ್ಷಿ ಇದೆ. ಕೆಂಪು ಬಣ್ಣ ಬರುವುದು ಸಿಪ್ಪೆಯಿಂದ, ರಸ ಹೆಚ್ಚಿನ ತಳಿಗಳಲ್ಲಿ ಬೆಳ್ಳಗೇ ಇರುತ್ತದೆ. ಕೆಂಪು ವೈನ್ ಹುದುಗುವಾಗ ಅನಿಲದ ಒತ್ತಡಕ್ಕೆ ಸಿಪ್ಪೆಯೆಲ್ಲ ಮೇಲೆ ಬಂದು ದಪ್ಪ ಪದರ ಕಟ್ಟುತ್ತದೆ. ಅದನ್ನು ದಿನಕ್ಕೆ ಹಲವು ಬಾರಿ ಕೆಳಗೆ ಅದುಮುತ್ತಿರಬೇಕು. ತೊಟ್ಟಿಯ ಹತ್ತಿರ ಹೋದರೆ ಮೂಗಿಗೆ ಖಾರವಾಗಿ ಹೊಡೆಯುವುದು ಅದೇ ಅನಿಲ. ಜಾಸ್ತಿ ಬಗ್ಗಿ ನೋಡಬಾರದು, ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಕ್ಕೇ ಅಪಾಯ.

ರುಚಿ ನೋಡುವವರ ದೊಡ್ಡ ದೊಡ್ಡ ಮಾತುಗಳಿಗೆ ಹೆದರಬೇಕಾಗಿಲ್ಲ ಎನ್ನುವುದಕ್ಕೂ ಸಾಕ್ಷಿ ಇದೆ. ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ಮಂದಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಹೆಚ್ಚಾಗಿ ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಅದನ್ನು ವರ್ಣಿಸಿದರು. 2001ರಲ್ಲಿ ಪ್ರಕಟವಾದ ಪ್ರಯೋಗ ಇದು. ಅದಕ್ಕೂ ಮೊದಲು 1976ರ ಮೇ 24ರಂದು ಪ್ಯಾರಿಸ್‌ನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಬ್ರಿಟಿಷ್ ವ್ಯಾಪಾರಿ ಲೇಬಲ್ ಮುಚ್ಚಿ ರುಚಿ ನೋಡಿಸಿದಾಗ, ಫ್ರೆಂಚ್ ತೀರ್ಪುಗಾರರೇ ಬಿಳಿಯಲ್ಲೂ ಕೆಂಪಿನಲ್ಲೂ ಕ್ಯಾಲಿಫೋರ್ನಿಯಾದ ವೈನಿಗೆ ಮೊದಲ ಸ್ಥಾನ ಕೊಟ್ಟರು. ಮನೆಯಲ್ಲಿ ನಾವೂ ಈ ಆಟ ಆಡುತ್ತೇವೆ, ಟೊಮೆಟೊ ಇಟ್ಟುಕೊಂಡು. ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟುವುದು. ಸಂತೆಯದ್ದೊಂದು ಹೋಳು, ಫ್ರಿಜ್‌ನಲ್ಲಿದ್ದ ಅಂಗಡಿಯದ್ದೊಂದು ಹೋಳು. ಪತ್ರ ಬರೆದ ಓದುಗರು ಇದನ್ನೊಮ್ಮೆ ಮಾಡಿ ನೋಡಲಿ, ಉಪ್ಪು ಹಾಕದೆ.

ದುಡ್ಡಿನ ಮಾತಿಗೂ ಉತ್ತರ ಕೊಡಬೇಕು. ದೂರಕ್ಕೆ ಕಳಿಸಬೇಕಾದ ರೈತ ಏನು ಮಾಡುತ್ತಾನೆ? ಸಿಪ್ಪೆ ದಪ್ಪ ಇರುವ, ಲಾರಿಯಲ್ಲಿ ಜಜ್ಜಿಹೋಗದ ತಳಿ ಆರಿಸುತ್ತಾನೆ. ಹಣ್ಣಾಗುವ ಮೊದಲೇ ಕೀಳುತ್ತಾನೆ. ರುಚಿಗೆ ಅಲ್ಲಿ ಜಾಗವೇ ಇಲ್ಲ, ಯಾರೂ ಅದಕ್ಕೆ ದುಡ್ಡು ಕೊಡುವುದೂ ಇಲ್ಲ. ನೇರವಾಗಿ ತಿನ್ನುವವರಿಗೇ ಮಾರುವ ದಾರಿ ಇದ್ದರೆ ಮಾತ್ರ ತೆಳು ಸಿಪ್ಪೆಯ, ಎರಡೇ ದಿನ ಬಾಳುವ, ಬಾಯಲ್ಲಿ ಕರಗುವ ತಳಿ ಬೆಳೆಯುವ ಧೈರ್ಯ ಬರುತ್ತದೆ. ಈ ದಾರಿ ತಾನಾಗಿ ಹುಟ್ಟಲಿಲ್ಲ, ಕಾನೂನು ಮಾಡಬೇಕಾಯಿತು. ನ್ಯೂಯಾರ್ಕ್ ರಾಜ್ಯ 1976ರಲ್ಲಿ ‘ಫಾರ್ಮ್ ವೈನರಿ’ ಕಾಯ್ದೆ ತಂದು, ಸಣ್ಣ ದ್ರಾಕ್ಷಿ ಬೆಳೆಗಾರರು ತಮ್ಮ ತೋಟದಲ್ಲೇ ವೈನ್ ಮಾಡಿ ಬಂದವರಿಗೆ ಮಾರಲು ಬಿಟ್ಟಿತು. ಕ್ಯಾಲಿಫೋರ್ನಿಯಾ 1977ರಲ್ಲಿ ರೈತರ ನೇರ ಮಾರಾಟಕ್ಕೆ ಅವಕಾಶ ಕೊಟ್ಟಿತು. ಅಲ್ಲಿನ ಪ್ರಮಾಣಪತ್ರ ಪಡೆದ ರೈತ ಸಂತೆಗಳಲ್ಲಿ ಬೇರೆ ಕಡೆ ಕೊಂಡು ತಂದ ತರಕಾರಿಯನ್ನು ತನ್ನದೆಂದು ಮಾರುವ ಹಾಗಿಲ್ಲ. ಬೆಳೆದವರೋ ಅವರ ಮನೆಯವರೋ ಕೆಲಸದವರೋ ನಿಂತು ಮಾರಬೇಕು. "ಯಾವಾಗ ಕಿತ್ತಿದ್ದು?" ಎಂದು ಕೇಳಿದರೆ ಉತ್ತರ ಗೊತ್ತಿರುವವರು ಎದುರಿಗೆ ಇರುತ್ತಾರೆ ಎಂದಾಯಿತು.

ನನ್ನ ಪತ್ರದ ಮುಖ್ಯ ಮಾತು ಈಗ ಬಂತು. ಒಂದು ವೈನ್ ಬಾಟಲಿ ಎತ್ತಿಕೊಳ್ಳಿ. ಯಾವ ಪ್ರದೇಶದ್ದು, ಯಾರು ತುಂಬಿದ್ದು, ಎಷ್ಟು ಆಲ್ಕೋಹಾಲ್, ಎಲ್ಲ ಬರೆದಿರುತ್ತದೆ. ಎಷ್ಟೋ ಬಾಟಲಿಗಳ ಮೇಲೆ ತಳಿಯ ಹೆಸರು, ದ್ರಾಕ್ಷಿ ಕೊಯ್ದ ವರ್ಷವೂ ಇರುತ್ತದೆ. ಆ ವರ್ಷವನ್ನೂ ಸುಮ್ನೆ ಹಾಕುವ ಹಾಗಿಲ್ಲ. ಐರೋಪ್ಯ ಒಕ್ಕೂಟದಲ್ಲಿ ಕನಿಷ್ಠ ಶೇ 85ರಷ್ಟು ದ್ರಾಕ್ಷಿ ಆ ವರ್ಷದ್ದೇ ಆಗಿರಬೇಕು. ವರ್ಷಗಟ್ಟಲೆ ಕೆಡದೆ ಕೂರುವ ಬಾಟಲಿಗೆ ಇಷ್ಟೆಲ್ಲ ಮರ್ಯಾದೆ. ಗಂಟೆ ಗಂಟೆಗೂ ರುಚಿ ಕಳೆದುಕೊಳ್ಳುವ ಬಟಾಣಿಗೆ ಏನಿದೆ? ಪೊಟ್ಟಣದ ಮೇಲೆ ಪ್ಯಾಕ್ ಮಾಡಿದ ದಿನ ಇದ್ದರೆ ಹೆಚ್ಚು. ಕಿತ್ತು ಎಷ್ಟು ದಿನದ ಮೇಲೆ ಪ್ಯಾಕ್ ಮಾಡಿದರು ಎಂಬುದಕ್ಕೆ ಅದು ಉತ್ತರವಲ್ಲ. ಹೋಟೆಲುಗಳಲ್ಲಂತೂ ‘ತಾಜಾ’ ಎಂಬ ಒಂದೇ ಪದದಲ್ಲಿ ಎಲ್ಲ ಮುಗಿಯಿತು.

ಹಾಗಾಗಿ ತರಕಾರಿ ಮಾರುವವರಿಗೂ ಅದನ್ನು ‘ತಾಜಾ’ ಎಂದು ಬಡಿಸುವವರಿಗೂ ನನ್ನ ಕೇಳಿಕೆ ಒಂದೇ. ಒಂದು ಹಲಗೆ ಇಡಿ. ಇವತ್ತಿನ ಜೋಳ ಯಾವ ದಿನ ಕಿತ್ತದ್ದು, ಎಲ್ಲಿ ಬೆಳೆದದ್ದು, ಎರಡು ಸಾಲು ಸೀಮೆಸುಣ್ಣದಲ್ಲಿ ಬರೆಯಿರಿ. ನಿನ್ನೆಯದಾದರೆ ನಿನ್ನೆಯದು ಅನ್ನಿ. ನಾವು ಅದನ್ನೂ ತಿನ್ನುತ್ತೇವೆ. ಇಲ್ಲದಿದ್ದರೆ ಇಲ್ಲ ಅನ್ನಿ, ಬೇರೆ ಏನಾದರೂ ತರಿಸಿಕೊಳ್ಳುತ್ತೇವೆ. ತಿನ್ನುವವರಿಗೂ ಒಂದು ಮಾತು: ವರ್ಷದ ಎಲ್ಲ ದಿನ ಎಲ್ಲ ಹಣ್ಣೂ ಬೇಕು ಎಂದು ಹಠ ಹಿಡಿದರೆ, ಸುಳ್ಳು ಬರೆಯಲು ನಾವೇ ಕಲಿಸಿದಂತೆ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ ಇದೆ. ಚಿನ್ನದ ಬೆಲೆ, ಹವಾಮಾನ, ರಾಶಿಭವಿಷ್ಯಕ್ಕೆ ಪ್ರತಿದಿನ ಜಾಗ ಕೊಡುತ್ತೀರಿ. ವಾರಕ್ಕೊಮ್ಮೆ ಮೂರೇ ಸಾಲು, ಈ ವಾರ ಯಾವ ಬೆಳೆ ಕೊಯ್ಲಿಗೆ ಬಂದಿದೆ, ಯಾವುದು ಮುಗಿಯುತ್ತಾ ಬಂದಿದೆ ಎಂದು ಅಚ್ಚು ಹಾಕಿ. ಬರೆಯುವವರು ಸಿಗಲಿಲ್ಲ ಎಂದರೆ ನಮ್ಮ ಯಜಮಾನರಿದ್ದಾರೆ. ಬೆಳಗ್ಗೆ ಹೇಗೂ ಸಂತೆಯಲ್ಲೇ ಇರುತ್ತಾರೆ. ಅಕ್ಷರ ಮಾತ್ರ ಸ್ವಲ್ಪ ಕೆಟ್ಟದು, ನಾನು ತಿದ್ದಿ ಕಳಿಸುತ್ತೇನೆ.

ಇತಿ,
ನಿಮ್ಮ ಓದುಗರಲ್ಲೊಬ್ಬಳು, ನಿವೃತ್ತ ವಿಜ್ಞಾನ ಶಿಕ್ಷಕಿ